ಮೂರನೇ ಬಹುಮಾನದ ತಟ್ಟೆ ಮತ್ತು ಕಾರಂತರ ಬಾಲವನ

ಕಳೆದ ದಸರಾ ರಜೆಯಲ್ಲಿ ನಾವು ನಾಲ್ಕು ಜನ ನಮ್ಮ ಕ್ಲಾಸಿನ ಗೆಳೆಯನೊಬ್ಬನ ಊರಿಗೆ ಹೋಗಿದ್ದೆವು. ಊರು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ. ಲಕ್ಷ್ಮಣತೀರ್ಥ ನದಿಗೆ ಅಣೆಕಟ್ಟೆ ಇರುವ ಊರು, ತಂಬಾಕು ಹರಾಜು ಮಾರುಕಟ್ಟೆ ಇರುವ ಊರು. ನದಿ ನೋಡೋಣ, ಬ್ಯಾರನ್‌ನಲ್ಲಿ ಹೊಗೆಸೊಪ್ಪು ಹೇಗೆ ಹದ ಮಾಡ್ತಾರೆ ನೋಡೋಣ, ಎರಡು ದಿನ ಹಳ್ಳಿ ಊಟ ಮಾಡಿಕೊಂಡು ಬರೋಣ, ಇಷ್ಟೇ ನಮ್ಮ ಪ್ಲಾನು.

ಗೆಳೆಯನ ಅವ್ವನಿಗೆ ಕಿಡ್ನಿ ಕಾಯಿಲೆ ಅಂತ ಗೊತ್ತಿತ್ತು. ಆದರೆ ಅದು ಒಂದು ಮನೆಯನ್ನ ಎಷ್ಟು ಆವರಿಸಿಕೊಂಡಿರುತ್ತೆ ಅನ್ನೋದು ಹಾಸ್ಟೆಲಿನಲ್ಲಿ ಕೂತು ಗೊತ್ತಾಗಲ್ಲ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಹೋದ ದಿನ ಇಡೀ ದಿನ ಹೋಯಿತು ಅಂತಲೇ ಲೆಕ್ಕ. ಇಡೀ ದಿನಕ್ಕೆ ಕುಡಿಯುವ ನೀರನ್ನ ಬೆಳಿಗ್ಗೆಯೇ ಅಳೆದು ಒಂದು ಚೊಂಬಿನಲ್ಲಿ ಇಟ್ಟಿರ್ತಾರೆ, ಅದು ಮುಗಿದರೆ ಮುಗೀತು. ಮನೆಯವರೆಲ್ಲ ಮಾತಾಡುವಾಗಲೂ ಕಣ್ಣು ಒಂದು ಸಲ ಆ ಚೊಂಬಿನ ಕಡೆ ಹೋಗಿ ಬರುತ್ತೆ.

ನಾವು ಹೋದ ಸಂಜೆ ಅವ್ವ ಆಸ್ಪತ್ರೆಯಿಂದ ಬಂದು ಮಲಗಿದ್ದರು. ಅಷ್ಟರಲ್ಲಿ ಗೆಳೆಯನ ತಂಗಿ, ನಾಲ್ಕನೇ ಕ್ಲಾಸು, ಒಂದು ಸ್ಟೀಲ್ ತಟ್ಟೆ ತಂದು ನಮ್ಮ ಮುಂದೆ ಹಿಡಿದಳು. ರಜೆಗೆ ಮುಂಚೆ ನಡೆದ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳೋದ್ರಲ್ಲಿ ಮೂರನೇ ಬಹುಮಾನ. ಅವರಪ್ಪ ಹುಣಸೂರಿನಿಂದ ಅರ್ಧ ಕೆಜಿ ಮೈಸೂರುಪಾಕು ತಂದಿದ್ದರು. ಅವ್ವ ಎದ್ದು ಕೂತು, ಆ ತಟ್ಟೆಯಲ್ಲೇ ಅದನ್ನ ಇಟ್ಟು, ಎಲ್ಲರಿಗೂ ತಾವೇ ಹಂಚಿದರು. ಆ ಹುಡುಗಿ ಅದೇ ಕಥೆಯನ್ನ ನಮಗೋಸ್ಕರ ಇನ್ನೊಂದು ಸಲ ಹೇಳಿದಳು. ನಡುವೆ ಮರೆತಳು, ಅವ್ವ ನೆನಪಿಸಿಕೊಟ್ಟರು.

ನಿಜ ಹೇಳ್ತೀವಿ, ನಮಗೆ ಮುಜುಗರ ಆಯಿತು. ಮನೆಯಲ್ಲಿ ಇಷ್ಟು ದೊಡ್ಡ ಕಷ್ಟ ಇರುವಾಗ ಮೂರನೇ ಬಹುಮಾನಕ್ಕೆ ಸಿಹಿ ಹಂಚೋದಾ? ರಾತ್ರಿ ಜಗುಲಿಯಲ್ಲಿ ಮಲಗಿದಾಗ ನಮ್ಮಲ್ಲೊಬ್ಬರು ಇದನ್ನ ಮೆಲ್ಲಗೆ ಕೇಳಿಯೂ ಬಿಟ್ಟರು. ಗೆಳೆಯ ಉತ್ತರ ಕೊಡಲಿಲ್ಲ, ಆ ಕಡೆ ತಿರುಗಿ ಮಲಗಿದ.

ಕೇಳಬಾರದಿತ್ತು ಅಂತ ಆಮೇಲೆ ಅನ್ನಿಸಿತು. ಕಾಲೇಜಿಗೆ ವಾಪಸ್ ಬಂದ ಮೇಲೂ ಆ ಪ್ರಶ್ನೆ ನಮ್ಮ ಜೊತೆಯೇ ಇತ್ತು. ಈ ಸಂಚಿಕೆಗೆ ಯಾರಾದರೊಬ್ಬ ಹಿರಿಯರ ಜೀವನ ಬರೆಯಬೇಕು ಅಂತ ಕನ್ನಡ ಸಂಘದಲ್ಲಿ ಮಾತು ಬಂದಾಗ ನಾವು ಶಿವರಾಮ ಕಾರಂತರನ್ನ ಆರಿಸಿಕೊಂಡಿದ್ದು ಅದಕ್ಕೇ. ಕಾರಂತರ ಮನೆಯಲ್ಲೂ ದೊಡ್ಡ ಕಾಯಿಲೆ ಇತ್ತು, ಮಕ್ಕಳೂ ಇದ್ದರು. ಮಕ್ಕಳ ಸಣ್ಣಪುಟ್ಟ ಗೆಲುವನ್ನ ಅವರಷ್ಟು ಗಂಭೀರವಾಗಿ ತಗೊಂಡ ದೊಡ್ಡವರು ಕನ್ನಡದಲ್ಲಿ ಕಮ್ಮಿ.

ಹತ್ತು ಕೆಲಸಕ್ಕೆ ಕೈ ಹಾಕಿದ ಹುಡುಗ

ಕೋಟ ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಉಡುಪಿ ಸೀಮೆಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಕುಂದಾಪುರದಲ್ಲಿ ಓದಿ, ಮಂಗಳೂರಿನಲ್ಲಿ ಕಾಲೇಜು ಸೇರಿದ್ದರು. ಗಾಂಧೀಜಿಯವರ ಅಸಹಕಾರ ಚಳವಳಿ ಶುರುವಾದಾಗ ಓದು ಬಿಟ್ಟು ಹೊರಬಂದರು. ಖಾದಿ ಮಾರಿದರು, ಊರೂರು ತಿರುಗಿದರು, ವಸಂತ ಅನ್ನೋ ಪತ್ರಿಕೆ ನಡೆಸಿದರು. ಡೊಮಿಂಗೊ, ಭೂತರಾಜ್ಯ ಅಂತ ಎರಡು ಮೂಕಿ ಸಿನಿಮಾ ಮಾಡಿದರು. ನಾಟಕ, ನೃತ್ಯ, ಫೋಟೋಗ್ರಫಿ, ಚಿತ್ರಕಲೆ, ಅಚ್ಚುಕೂಟ, ಯಾವುದನ್ನೂ ಬಿಡಲಿಲ್ಲ.

ಇದರಲ್ಲಿ ಕೈ ಸುಟ್ಟುಕೊಂಡಿದ್ದೇ ಹೆಚ್ಚು. ಆದರೆ ಅದನ್ನ ಅವರು ಮುಚ್ಚಿಡಲಿಲ್ಲ. ಮುಂದೆ ಆತ್ಮಕಥೆ ಬರೆದಾಗ ಹೆಸರಿಟ್ಟಿದ್ದೇ ಹುಚ್ಚು ಮನಸ್ಸಿನ ಹತ್ತು ಮುಖಗಳು ಅಂತ. ತಾನು ಮಾಡಿದ ಪ್ರಯೋಗ ಸೋತರೂ ಅದರಿಂದ ಏನೋ ತಿಳಿಯಿತಲ್ಲ ಅನ್ನುವ ಮನುಷ್ಯನಿಗೆ ಇನ್ನೊಬ್ಬರ, ಅದರಲ್ಲೂ ಮಕ್ಕಳ, ಅರೆಬರೆ ಪ್ರಯತ್ನ ಹಗುರಾಗಿ ಕಾಣೋದಿಲ್ಲ. ಈ ಗುಣ ನೆನಪಿರಲಿ, ಮುಂದೆ ಬೇಕಾಗುತ್ತೆ.

1933ರಲ್ಲಿ ಚೋಮನ ದುಡಿ ಬಂತು. ಪಠ್ಯಪುಸ್ತಕದಲ್ಲೋ 1975ರ ಸಿನಿಮಾದಲ್ಲೋ ಚೋಮನನ್ನ ನೀವು ನೋಡಿರ್ತೀರಿ. ಕಾಫಿ ತೋಟಕ್ಕೆ ದುಡಿಯಲು ಹೋದ ಮಗ ಜ್ವರ ಹೊತ್ತುಕೊಂಡು ಬಂದು ಸಾಯುತ್ತಾನೆ, ಸಾಲ ತೀರೋದಿಲ್ಲ, ಬೇಸಾಯದ ಆಸೆ ಕೈಗೂಡೋದಿಲ್ಲ. ಅಂಥ ಗುಡಿಸಲಿನಲ್ಲೂ ದುಡಿ ಬಾರಿಸುವುದು ನಿಲ್ಲೋದಿಲ್ಲ. ದುಃಖ ಇದ್ದ ಮನೆಯಲ್ಲಿ ಸದ್ದು ಇರಬಾರದು ಅನ್ನೋ ನಿಯಮ ಬಡವರ ಮನೆಯಲ್ಲಿ ನಡೆಯೋದಿಲ್ಲ ಅನ್ನೋದನ್ನ ಕಾರಂತರು ಮೂವತ್ತೊಂದರ ವಯಸ್ಸಿಗೇ ಕಂಡಿದ್ದರು.

ಪುತ್ತೂರಿನ ಗುಡ್ಡದ ಮೇಲೆ

ಕಾರಂತರು ನೆಲೆ ನಿಂತಿದ್ದು ಪುತ್ತೂರಿನಲ್ಲಿ. ಸಹಕಾರಿ ಚಳವಳಿಯ ಮೊಳಹಳ್ಳಿ ಶಿವರಾಯರಂಥ ಹಿರಿಯರ ಬೆಂಬಲ ಅಲ್ಲಿತ್ತು. ದಸರಾ ಸಮಯದಲ್ಲಿ ನಾಡಹಬ್ಬ ನಡೆಸಿ ಸಾಹಿತಿಗಳನ್ನ ಕರೆಸುತ್ತಿದ್ದರು, ಸಂಗೀತ ನಾಟಕ ಏರ್ಪಡಿಸುತ್ತಿದ್ದರು. ಶಾಲೆ ಮಕ್ಕಳಿಗೆ ಕುಣಿತ ಕಲಿಸಿ, ನಾಟಕ ಆಡಿಸಿ, ಅವರನ್ನೂ ವೇದಿಕೆ ಹತ್ತಿಸುತ್ತಿದ್ದರು.

ಪುತ್ತೂರಿನ ಪರ್ಲಡ್ಕದ ಗುಡ್ಡದ ಮೇಲೆ ಅವರು ಕಟ್ಟಿದ ಜಾಗದ ಹೆಸರು ಬಾಲವನ. ಹೆಸರೇ ಹೇಳುವ ಹಾಗೆ ಅದು ಮಕ್ಕಳಿಗಾಗಿ ಮಾಡಿದ್ದು. ಬೆತ್ತ ಹಿಡಿದು ಬಾಯಿಪಾಠ ಮಾಡಿಸೋ ಶಾಲೆ ಅವರಿಗೆ ಸೇರುತ್ತಿರಲಿಲ್ಲ. ಮಗು ಆಡಬೇಕು, ಮುಟ್ಟಬೇಕು, ನೋಡಬೇಕು, ಕೇಳಬೇಕು, ಆಗ ತಾನಾಗಿ ಕಲಿಯುತ್ತೆ ಅನ್ನೋದು ಅವರ ನಂಬಿಕೆ. ಇವತ್ತು ಈ ಮಾತನ್ನ ಎಲ್ಲ ಶಾಲೆಯ ಜಾಹೀರಾತಿನಲ್ಲೂ ಓದಬಹುದು. 1930ರ ದಶಕದ ಪುತ್ತೂರಿನಲ್ಲಿ ಹೀಗೆ ಹೇಳುವವರನ್ನ ಜನ ಹುಚ್ಚ ಅಂತಲೇ ಅಂದುಕೊಳ್ಳುತ್ತಿದ್ದರು.

ಬರೀ ಹೇಳಿ ಸುಮ್ಮನಾಗಲಿಲ್ಲ. ಮಕ್ಕಳಿಗೆ ಓದಲು ಕನ್ನಡದಲ್ಲಿ ಏನಿದೆ ಅಂತ ನೋಡಿದರೆ ಹೆಚ್ಚೇನೂ ಇರಲಿಲ್ಲ. ಸರಿ, ತಾವೇ ಬರೆಯಲು ಕೂತರು. ಮೂರು ಸಂಪುಟಗಳ ಬಾಲಪ್ರಪಂಚ ತಯಾರಾಯಿತು. ಭೂಮಿ, ಆಕಾಶ, ಗಿಡ, ಪ್ರಾಣಿ, ಯಂತ್ರ, ದೇಶ, ಜನ, ಎಲ್ಲ ಮಕ್ಕಳಿಗೆ ಅರ್ಥವಾಗೋ ಕನ್ನಡದಲ್ಲಿ. ಒಂದು ವಿಶ್ವಕೋಶ ಮಾಡಲು ಈಗಾದರೆ ಸಮಿತಿ ಬೇಕು, ಸಂಪಾದಕ ಮಂಡಳಿ ಬೇಕು, ಅನುದಾನ ಬೇಕು. ಇವರು ಒಬ್ಬರೇ ಮಾಡಿದರು. ಆಗ ಅವರಿಗೆ ಸ್ವಂತ ಮಕ್ಕಳು ಹುಟ್ಟಿರಲಿಲ್ಲ ಅನ್ನೋದನ್ನೂ ಗಮನಿಸಿ. 1959ರಿಂದ ವಿಜ್ಞಾನ ಪ್ರಪಂಚ ಅಂತ ನಾಲ್ಕು ಸಂಪುಟ ಬಂದವು. ಇಂಜಿನಿಯರಿಂಗ್ ಓದುವ ನಮಗೆ ಕನ್ನಡದಲ್ಲಿ ವಿಜ್ಞಾನ ಬರೆಯೋದು ಎಷ್ಟು ಕಷ್ಟ ಅಂತ ಗೊತ್ತು, ಒಂದು ಸೆಮಿನಾರ್ ಕನ್ನಡದಲ್ಲಿ ಕೊಡಿ ಅಂದರೆ ಬೆವರು ಬರುತ್ತೆ. ಕಾಲೇಜು ಅರ್ಧಕ್ಕೆ ಬಿಟ್ಟ ಒಬ್ಬರು ಇದನ್ನ ಮಾಡಿದ್ದು ಮಗು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕು ಅನ್ನೋ ಒಂದೇ ಹಟಕ್ಕೆ.

ಲೀಲಾ

ಶಾಲೆಯಲ್ಲಿ ನೃತ್ಯ, ನಾಟಕ ಕಲಿಸಲು ಹೋದಾಗ ಕಾರಂತರಿಗೆ ಲೀಲಾ ಆಳ್ವ ಅವರ ಪರಿಚಯ ಆಯಿತು. 1936ರ ಮೇ 6ರಂದು ಮದುವೆ. ಅವರು ಬಂಟರ ಹುಡುಗಿ, ಇವರು ಕೋಟದ ಬ್ರಾಹ್ಮಣರು. ಆ ಕಾಲದಲ್ಲಿ ಜಾತಿ ಬಿಟ್ಟು ಮದುವೆಯಾದರೆ ಊರು ಏನು ಮಾಡುತ್ತೆ ಹೇಳಿ? ಆಡಿಕೊಂಡಿತು, ನಕ್ಕಿತು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾರಂತರ ಬಗ್ಗೆ ಬರೆಯುವಾಗ ಲೀಲಾ ಅವರನ್ನ ಒಂದು ಸಾಲಿನಲ್ಲಿ ಮುಗಿಸೋದು ವಾಡಿಕೆ. ಅದು ಸರಿಯಲ್ಲ. ಅವರ ಮೊದಲ ಓದು ನಡೆದಿದ್ದು ಮರಾಠಿಯಲ್ಲಿ. ಮದುವೆಯಾದ ಮೇಲೆ ಕನ್ನಡವನ್ನ ಮತ್ತೆ ಕಲಿತರು, ಎಷ್ಟು ಕಲಿತರು ಅಂದರೆ ಹರಿ ನಾರಾಯಣ ಆಪ್ಟೆಯವರ ಪ್ರಸಿದ್ಧ ಮರಾಠಿ ಕಾದಂಬರಿ ಪಣ್ ಲಕ್ಷಾತ್ ಕೋಣ್ ಘೇತೋ ಅನ್ನುವುದನ್ನ ಕನ್ನಡಕ್ಕೆ ತಂದರು. ಮನೆಯೊಳಗೆ ಹೆಣ್ಣೊಬ್ಬಳು ಪಡುವ ಪಾಡನ್ನ ಯಾರು ಲಕ್ಷ್ಯಕ್ಕೆ ತಗೋತಾರೆ ಅಂತ ಕೇಳುವ ಕಾದಂಬರಿ ಅದು. ಕಾರಂತರ ಗೀತನಾಟಕಗಳಲ್ಲಿ ಲೀಲಾ ಕುಣಿದರು. ಕಾರಂತರು ಯಕ್ಷಗಾನ, ಸಂಶೋಧನೆ, ಭಾಷಣ ಅಂತ ತಿಂಗಳುಗಟ್ಟಲೆ ಊರೂರು ಅಲೆಯುವಾಗ ಬಾಲವನದ ಮನೆ ನಡೆದಿದ್ದು ಅವರಿಂದ.

ನಾಲ್ಕು ಮಕ್ಕಳಾದವು. ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ. ಹಿರಿಯ ಮಗನ ಹೆಸರು ಪುಸ್ತಕಗಳ ಮೇಲೂ ಬಂತು. ಪುತ್ತೂರಿನ ಹರ್ಷ ಪ್ರಕಟಣಾಲಯ ಅಂತ ಅಚ್ಚಾದ ಕಾರಂತರ ಹಳೆ ಪುಸ್ತಕಗಳನ್ನ ಹಳೆಯ ಲೈಬ್ರರಿಗಳಲ್ಲಿ ಇವತ್ತಿಗೂ ನೋಡಬಹುದು. ಮರಳಿ ಮಣ್ಣಿಗೆ, ಬೆಟ್ಟದ ಜೀವ ಬಂದಿದ್ದು ಮದುವೆಯಾದ ನಂತರದ ವರ್ಷಗಳಲ್ಲೇ. ಸಿರಿಗನ್ನಡ ಅರ್ಥಕೋಶ ಅನ್ನೋ ನಿಘಂಟು ಕೂಡ.

ಮನೆಗೆ ಬಂದ ಕಾಯಿಲೆ

ಆಮೇಲೆ ಆ ಮನೆಯ ಮೇಲೆ ಎರಡು ಪೆಟ್ಟು ಬಿದ್ದವು. ಒಂದು, ಹಿರಿಯ ಮಗ ಹರ್ಷ ಅಕಾಲದಲ್ಲಿ ತೀರಿಕೊಂಡರು. ಇನ್ನೊಂದು, ಲೀಲಾ ಅವರ ಮನಸ್ಸಿಗೆ ಕಾಯಿಲೆ ಬಂತು. ಇಲ್ಲದ್ದು ಇದೆ ಅನ್ನಿಸುವ ಭ್ರಮೆ ಅವರನ್ನ ಕಾಡಿತು. ಕುಣಿದ ಹೆಂಗಸು, ಹೊಸದಾಗಿ ಭಾಷೆ ಕಲಿತು ಅನುವಾದ ಮಾಡಿದ ಹೆಂಗಸು, ತನ್ನದೇ ಮನಸ್ಸಿನ ಕೈಗೆ ಸಿಕ್ಕಿ ನರಳಬೇಕಾಯಿತು.

ಜ್ವರಕ್ಕೆ ಥರ್ಮಾಮೀಟರ್ ಇದೆ, ಕಿಡ್ನಿಗೆ ರಕ್ತಪರೀಕ್ಷೆ ಇದೆ. ಮನಸ್ಸಿನ ಕಾಯಿಲೆಗೆ ಅಂಥ ಅಳತೆಗೋಲು ಇಲ್ಲ. ಈ ಥರದ ಭ್ರಮೆಗಳನ್ನ ಹತೋಟಿಗೆ ತರುವ ಮೊದಲ ಔಷಧಿ ಕ್ಲೋರ್‌ಪ್ರೊಮಜೀನ್ ಜಗತ್ತಿಗೆ ಸಿಕ್ಕಿದ್ದೇ 1950ರ ದಶಕದಲ್ಲಿ. ಬೆಂಗಳೂರಿನಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ ತರಬೇತಿ ಸಂಸ್ಥೆಯೂ ಸೇರಿ ನಿಮ್ಹಾನ್ಸ್ ಆಗಿದ್ದು 1974ರಲ್ಲಿ. ಹಳ್ಳಿಗಳಲ್ಲಿ ಇಂಥದ್ದಕ್ಕೆ ಇದ್ದ ಹೆಸರುಗಳೇ ಬೇರೆ. ಗಾಳಿ ಸೋಕಿದೆ, ದೆವ್ವ ಹಿಡಿದಿದೆ, ಗ್ರಹಚಾರ. ಮನೆಯವರು ನೆಂಟರಿಂದ ಮುಚ್ಚಿಡ್ತಾರೆ, ಮಕ್ಕಳಿಗೆ ಬಾಯಿ ಬಿಡಬೇಡಿ ಅಂತ ಹೇಳಿಕೊಡ್ತಾರೆ. ಈಗಲೂ ನಮ್ಮ ಕಡೆ ಅಷ್ಟೇ ಅಲ್ವಾ? ಸಕ್ಕರೆ ಕಾಯಿಲೆ ಇದೆ ಅಂತ ಎಲ್ಲರೆದುರು ಹೇಳುವವರು ಮನಸ್ಸಿಗೆ ಔಷಧಿ ತಗೋತಿದ್ದೀವಿ ಅಂತ ಹೇಳೋದಿಲ್ಲ.

ಹೊರಗೆ ನೋಡಿದರೆ ಕಾರಂತರ ಕೀರ್ತಿ ಏರುತ್ತಲೇ ಇತ್ತು. ಯಕ್ಷಗಾನ ಬಯಲಾಟಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 1968ರಲ್ಲಿ ಪದ್ಮಭೂಷಣ, ತುರ್ತುಪರಿಸ್ಥಿತಿ ಬಂದಾಗ ಅದನ್ನ ವಾಪಸ್ ಕೊಟ್ಟರು. ಮೂಕಜ್ಜಿಯ ಕನಸುಗಳು ಕಾದಂಬರಿಗೆ 1977ರ ಜ್ಞಾನಪೀಠ. ಆ ಕಾದಂಬರಿಯ ಅಜ್ಜಿಯನ್ನ ನೆನಪು ಮಾಡಿಕೊಳ್ಳಿ. ಬೇರೆಯವರಿಗೆ ಕಾಣದ್ದು ಅವಳಿಗೆ ಕಾಣುತ್ತೆ, ಊರಿನವರು ಅವಳನ್ನ ಅರೆಮರುಳು ಅಂತಾರೆ. ಮೊಮ್ಮಗ ಮಾತ್ರ ಪಕ್ಕದಲ್ಲಿ ಕೂತು ಕೇಳಿಸಿಕೊಳ್ತಾನೆ. ಇದನ್ನ ಕಾರಂತರ ಮನೆಗೆ ಗಂಟು ಹಾಕಲು ನಾವು ಹೊರಟಿಲ್ಲ, ಅದು ತಪ್ಪಾಗುತ್ತೆ. ಒಬ್ಬರ ಪಕ್ಕ ಕೂತು ತಾಳ್ಮೆಯಿಂದ ಕೇಳಿಸಿಕೊಳ್ಳೋದು ಎಷ್ಟು ದೊಡ್ಡ ಕೆಲಸ ಅನ್ನೋದನ್ನ ಕಾರಂತರು ಬಲ್ಲವರಾಗಿದ್ದರು, ಅಷ್ಟು ಮಾತ್ರ ಹೇಳಬಹುದು.

ಇಲ್ಲಿ ಕಾರಂತರನ್ನ ದೇವರು ಮಾಡಬೇಕಾಗಿಲ್ಲ. ಸಿಟ್ಟಿನ ಮನುಷ್ಯ, ಸದಾ ಕೆಲಸದ ಮನುಷ್ಯ. ಕಾಯಿಲೆ ಇರುವ ಮನೆಯ ಭಾರ ಒಬ್ಬರ ತಲೆ ಮೇಲೆ ಇರೋದಿಲ್ಲ, ಎಲ್ಲರೂ ಹೊರುತ್ತಾರೆ, ಮಕ್ಕಳೂ ಹೊರುತ್ತಾರೆ, ಎಲ್ಲರಿಗಿಂತ ಹೆಚ್ಚು ಕಾಯಿಲೆಯವರೇ ಹೊರುತ್ತಾರೆ. ಲೀಲಾ ಅವರು 1986ರಲ್ಲಿ ತೀರಿಕೊಂಡರು. ಎಷ್ಟೋ ವರ್ಷ ಕಳೆದ ಮೇಲೆ, 2021ರಲ್ಲಿ, ಮಾಳವಿಕಾ, ಉಲ್ಲಾಸ, ಕ್ಷಮಾ ಮೂವರೂ ಸೇರಿ ತಾವು ಬೆಳೆದ ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. ಅಪ್ಪನ ಪ್ರಸಿದ್ಧಿಯ ನೆರಳಿನಲ್ಲಿ ಮರೆಯಾಗಿದ್ದ ಅಮ್ಮ ತಮ್ಮನ್ನ ಹೇಗೆ ರೂಪಿಸಿದರು ಅನ್ನೋದನ್ನ ಅದರಲ್ಲಿ ಬರೆದರು. ಕಾಯಿಲೆಯನ್ನೂ ಮುಚ್ಚಿಡಲಿಲ್ಲ. ಅಮ್ಮ ಅಂದರೆ ಕಾಯಿಲೆ ಅಂತ ಮಾತ್ರ ಆ ಮಕ್ಕಳ ನೆನಪಿನಲ್ಲಿ ಉಳಿಯಲಿಲ್ಲ, ಇದು ನಮಗೆ ತುಂಬ ದೊಡ್ಡದು ಅನ್ನಿಸಿತು.

ಆ ಮಕ್ಕಳು ಏನಾದರು?

ಮಾಳವಿಕಾ ಕಪೂರ್ ಕ್ಲಿನಿಕಲ್ ಸೈಕಾಲಜಿ ಓದಿ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕಿಯಾದರು. ಅವರು ಆರಿಸಿಕೊಂಡ ಕ್ಷೇತ್ರ ಮಕ್ಕಳ ಮಾನಸಿಕ ಆರೋಗ್ಯ. ಭಾರತದ ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ, ಶಾಲೆಯಲ್ಲಿ ಅದನ್ನ ಹೇಗೆ ಕಾಪಾಡಬಹುದು ಅನ್ನುವುದರ ಬಗ್ಗೆ ಪುಸ್ತಕ ಬರೆದರು. ತಾಯಿಯ ಮನಸ್ಸು ನರಳಿದ ಮನೆಯ ಮಗಳು ಸಾವಿರಾರು ಮಕ್ಕಳ ಮನಸ್ಸಿನ ಬಗ್ಗೆ ಯೋಚನೆ ಮಾಡುವ ಕೆಲಸ ಹಿಡಿದರು.

ಇನ್ನು ಉಲ್ಲಾಸ ಕಾರಂತರ ವಿಷಯಕ್ಕೆ ಬಂದರೆ ನಮ್ಮ ಮೆಕ್ಯಾನಿಕಲ್ ಬ್ರಾಂಚಿನವರು ಕಾಲರ್ ಎತ್ತಿಕೊಳ್ಳಬಹುದು. 1948ರಲ್ಲಿ ಹುಟ್ಟಿದ ಅವರು ಸುರತ್ಕಲ್ಲಿನ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನಿಂದ, ಅಂದರೆ ಈಗಿನ ಎನ್‌ಐಟಿಕೆಯಿಂದ, 1971ರಲ್ಲಿ ಮೆಕ್ಯಾನಿಕಲ್ ಇಂಜಿನಿಯರ್ ಆಗಿ ಹೊರಬಂದರು. ಇಂಜಿನಿಯರ್ ಕೆಲಸ ಮಾಡಿದರು, ಬೇಸಾಯವನ್ನೂ ಮಾಡಿದರು. ಆದರೆ ಮನಸ್ಸು ಮೊದಲಿನಿಂದಲೂ ಇದ್ದಿದ್ದು ಹಕ್ಕಿ, ಕಾಡು, ಹುಲಿಯ ಮೇಲೆ. ಕೊನೆಗೆ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಹೋಗಿ ವನ್ಯಜೀವಿ ವಿಜ್ಞಾನ ಓದಿ ಬಂದು, ನಾಗರಹೊಳೆಯನ್ನೇ ತಮ್ಮ ಪ್ರಯೋಗಶಾಲೆ ಮಾಡಿಕೊಂಡರು. 1990ರಲ್ಲಿ ಅಲ್ಲಿನ ಹುಲಿಗಳಿಗೆ ರೇಡಿಯೋ ಕಾಲರ್ ಹಾಕಿ ಅಧ್ಯಯನ ಮಾಡಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹುಲಿ ಎಣಿಸುವ ಅವರ ವಿಧಾನ ಗೊತ್ತಲ್ಲ? ಹಿಂದೆ ಹೆಜ್ಜೆ ಗುರುತು ನೋಡಿ ಲೆಕ್ಕ ಹಾಕುತ್ತಿದ್ದರು, ತಪ್ಪಾಗುತ್ತಿತ್ತು. ಇವರು ಕಾಡಿನ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಟ್ಟರು. ಹುಲಿಯ ಎಡಮೈ ಪಟ್ಟೆ ಬೇರೆ, ಬಲಮೈ ಪಟ್ಟೆ ಬೇರೆ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಪಟ್ಟೆ ಹೋಲಿಸಿ ಇದು ಇಂಥದ್ದೇ ಹುಲಿ ಅಂತ ಗುರುತಿಸ್ತಾರೆ. ಲೆಕ್ಕದ ಮೂಲ ಸರಳ. ಮೊದಲ ಸುತ್ತಿನಲ್ಲಿ 20 ಹುಲಿ ಸಿಕ್ಕವು ಅನ್ನಿ. ಎರಡನೇ ಸುತ್ತಿನಲ್ಲೂ 20 ಸಿಕ್ಕವು, ಅದರಲ್ಲಿ 10 ಹಳೆಯವೇ. ಹಾಗಾದರೆ ಸಿಕ್ಕಿದ್ದು ಒಟ್ಟಿನ ಅರ್ಧದಷ್ಟು, ಒಟ್ಟು ಸುಮಾರು 40. ನಿಜವಾದ ಗಣಿತ ಇದಕ್ಕಿಂತ ಬಹಳ ಮುಂದೆ ಹೋಗಿದೆ, ಆದರೆ ಎಲ್ಲದರ ಬುಡದಲ್ಲಿ ಇರೋದು ಒಂದೇ. ಪ್ರತಿಯೊಂದನ್ನೂ ಬೇರೆಯಾಗಿ ನೋಡಬೇಕು, ಅದರದ್ದೇ ಗುರುತು ಹಿಡಿಯಬೇಕು.

ನಮಗೆ ಬಾಲವನ ನೆನಪಾಗುವುದು ಇಲ್ಲೇ. ಒಂದು ಮಗುವನ್ನ ಇನ್ನೊಂದರ ಜೊತೆ ಹೋಲಿಸದೆ, ಅದರ ಪಟ್ಟೆ ಅದಕ್ಕೆ ಅಂತ ನೋಡೋದು ಕಾರಂತರ ಶಿಕ್ಷಣದ ತಿರುಳು. ಹಕ್ಕಿ ನೋಡಿ ಖುಷಿಪಟ್ಟ ಹುಡುಗನಿಗೆ ಅದರಿಂದ ಎಷ್ಟು ಮಾರ್ಕ್ಸು ಬರುತ್ತೆ ಅಂತ ಕೇಳದ ಮನೆ ಸಿಕ್ಕಿತ್ತು. ಆ ಮನೆಯಲ್ಲಿ ಸಾವು ಇತ್ತು, ಕಾಯಿಲೆ ಇತ್ತು. ಅದರ ಜೊತೆಗೇ ಪುಸ್ತಕ ಇತ್ತು, ಕುಣಿತ ಇತ್ತು, ಹಕ್ಕಿಯೂ ಇತ್ತು. ಒಂದು ಇದೆ ಅಂತ ಇನ್ನೊಂದನ್ನ ಹೊರಗೆ ಹಾಕಲಿಲ್ಲ.

ಅಂದ ಹಾಗೆ, ಕೊಡಗಿನ ಇರ್ಪುವಿನಿಂದ ಇಳಿದು ಬರುವ ಲಕ್ಷ್ಮಣತೀರ್ಥ ನಾಗರಹೊಳೆ ಕಾಡಿನ ಸೀಮೆಯನ್ನ ಹಾದು ಹುಣಸೂರಿಗೆ, ಕಟ್ಟೆಮಳಲವಾಡಿಗೆ ಬರುತ್ತೆ, ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿ ಸೇರುತ್ತೆ. ಉಲ್ಲಾಸ ಕಾರಂತರ ಹುಲಿಗಳ ಕಾಡಿನ ಕಡೆಯ ನೀರೇ ನಾವು ಆ ದಸರಾದಲ್ಲಿ ಕಾಲು ಇಳಿಬಿಟ್ಟು ಕೂತ ಅಣೆಕಟ್ಟೆಯ ಮೇಲೆ ಹರಿಯುತ್ತಿತ್ತು. ಆಗ ನಮಗೆ ಅದು ಹೊಳೆದಿರಲಿಲ್ಲ.

ಕೊನೆಯವರೆಗೂ

ಕಾರಂತರು 1970ರ ದಶಕದಲ್ಲಿ ಪುತ್ತೂರು ಬಿಟ್ಟು ಹುಟ್ಟೂರಿನ ಪಕ್ಕದ ಸಾಲಿಗ್ರಾಮಕ್ಕೆ ಬಂದರು. ಕೈಗಾ ಅಣುಸ್ಥಾವರದ ವಿರುದ್ಧ ನಿಂತರು. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆ ಇಟ್ಟುಕೊಂಡು ಲೋಕಸಭೆ ಚುನಾವಣೆಗೂ ನಿಂತರು, ಸೋತರು. ಸೋಲು ಅವರಿಗೆ ಹೊಸದೇನಲ್ಲ ಬಿಡಿ. ಬದುಕಿನ ಕೊನೆಯ ವರ್ಷ, 95ರ ಹೊತ್ತಿನಲ್ಲಿ, ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. ಆ ವಯಸ್ಸಿನಲ್ಲೂ ಒಂದು ಹಕ್ಕಿ ಅವರಿಗೆ ಬರೆಯುವಷ್ಟು ದೊಡ್ಡ ವಿಷಯ. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು. ಬಾಲವನದ ಅವರ ಮನೆಯನ್ನ ಈಗ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಆ ಕಡೆ ಟ್ರಿಪ್ ಹೋದರೆ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಓಡುವ ನಡುವೆ ಒಂದು ಗಂಟೆ ಪುತ್ತೂರಿಗೂ ಇಡಿ.

ಈಗ ನಮ್ಮ ಪ್ರಶ್ನೆಗೆ ವಾಪಸ್ ಬರೋಣ. ಕಷ್ಟ ಇರುವ ಮನೆಯಲ್ಲಿ ಮೂರನೇ ಬಹುಮಾನಕ್ಕೆ ಸಿಹಿ ಹಂಚಬಹುದಾ?

ಕಾಯಿಲೆ ಇರುವ ಮನೆಯಲ್ಲಿ ಮಗು ಬೇಗ ಕಾಣೆಯಾಗುತ್ತೆ. ಎಲ್ಲರ ಕಣ್ಣೂ ರಿಪೋರ್ಟಿನ ಮೇಲೆ, ಬಿಲ್ಲಿನ ಮೇಲೆ, ಮುಂದಿನ ತಾರೀಖಿನ ಮೇಲೆ. ಮಗುವಿಗೂ ಅದು ಗೊತ್ತಾಗುತ್ತೆ. ತನ್ನ ಖುಷಿ ಹೇಳಿಕೊಂಡರೆ ತಪ್ಪೇನೋ ಅಂತ ಬ್ಯಾಗಿನಲ್ಲೇ ಸರ್ಟಿಫಿಕೇಟ್ ಮಡಚಿ ಇಡುತ್ತೆ. ಅದನ್ನ ಹೊರಗೆ ತೆಗೆಸಿ, ತಟ್ಟೆಯಲ್ಲಿ ಸಿಹಿ ಇಟ್ಟು ಹಂಚೋದು ಕಾಯಿಲೆಯನ್ನ ಮರೆಯೋದಕ್ಕಲ್ಲ. ನೀನೂ ಈ ಮನೆಯಲ್ಲಿ ಇದ್ದೀಯ, ನಿನ್ನನ್ನ ನೋಡ್ತಾ ಇದ್ದೀವಿ ಅಂತ ಹೇಳೋದಕ್ಕೆ. ಮಲಗಿದ್ದ ಅವ್ವನಿಗೂ ಅದು ಬೇಕು. ಉಳಿದೆಲ್ಲ ದಿನ ಅವರು ರೋಗಿ, ಎಲ್ಲರೂ ಅವರನ್ನ ನೋಡಿಕೊಳ್ಳುವವರೇ. ಆ ಹತ್ತು ನಿಮಿಷ ಅವರು ತಾಯಿ, ಮರೆತ ಕಥೆಯನ್ನ ನೆನಪಿಸಿಕೊಡುವವರು, ಸಿಹಿ ಹಂಚುವವರು.

ನಾವು ನಾಲ್ಕು ಜನ ಮುಜುಗರ ಪಟ್ಟಿದ್ದು ಯಾಕೆ ಅಂತ ಈಗ ಅರ್ಥ ಆಗುತ್ತೆ. ರ‍್ಯಾಂಕು, ಪ್ಲೇಸ್‌ಮೆಂಟು, ಪ್ಯಾಕೇಜು ಇಷ್ಟಕ್ಕೇ ಪಾರ್ಟಿ ಕೊಟ್ಟು ಅಭ್ಯಾಸ ಆಗಿರೋ ನಮಗೆ ಮೂರನೇ ಬಹುಮಾನ ಗೆಲುವಿನ ಥರ ಕಾಣಲೇ ಇಲ್ಲ. ತಪ್ಪು ಆ ಮನೆಯದಲ್ಲ, ನಮ್ಮ ಅಳತೆಯದು.

ಈ ಲೇಖನ ಬರೆದು ಮುಗಿಸಿ ಮೊದಲು ನಮ್ಮ ಗೆಳೆಯನಿಗೇ ಓದಲು ಕೊಟ್ಟೆವು, ಆ ರಾತ್ರಿ ಕೇಳಿದ್ದಕ್ಕೆ ಕ್ಷಮೆಯನ್ನೂ ಕೇಳಿದೆವು. ಅವನು ಓದಿ, ಮನೆಯ ವಿಷಯ ಹಾಕಿ ಪರವಾಗಿಲ್ಲ, ಹೆಸರು ಬೇಡ ಅಂದ. ಅವ್ವನಿಗೆ ಡಯಾಲಿಸಿಸ್ ನಡೀತಾ ಇದೆ, ಒಂದು ವಾರ ಚೆನ್ನಾಗಿರ್ತಾರೆ, ಒಂದು ವಾರ ಇಲ್ಲ. ಆ ತಟ್ಟೆಯನ್ನ ಶೋಕೇಸಿನಲ್ಲಿ ಇಟ್ಟಿದ್ದೀರಾ ಅಂತ ಕೇಳಿದ್ದಕ್ಕೆ ನಕ್ಕ. ತಂಗಿ ಹಟ ಮಾಡಿ ಅದನ್ನ ಅವ್ವನ ಊಟದ ತಟ್ಟೆ ಮಾಡಿದ್ದಾಳಂತೆ. ಆಸ್ಪತ್ರೆಗೆ ಹೋಗೋ ದಿನ ಬುತ್ತಿಯ ಚೀಲದಲ್ಲಿ ಅದೂ ಹೋಗುತ್ತಂತೆ.

ಮುಂದಿನ ಸಂಚಿಕೆಗೆ ನಿಮ್ಮ ಮನೆಯ ಮಕ್ಕಳ ಒಂದು ಸಣ್ಣ ಗೆಲುವನ್ನ ಬರೆದು ಕಳಿಸಿ, ಗೆಳೆಯರೇ. ತಮ್ಮ ಸೈಕಲ್ ಕಲಿತಿದ್ದು, ಅಕ್ಕನ ಮಗಳು ತನ್ನ ಹೆಸರು ತಾನೇ ಬರೆದಿದ್ದು, ಯಾವುದಾದರೂ ಸರಿ. ಮೊದಲ ಬಹುಮಾನವೇ ಆಗಬೇಕು ಅಂತೇನಿಲ್ಲ.